ಎಣ್ಣೆ ಹೊಡೆದರೂ ದಾಳಿಂಬೆಯ ಚುಕ್ಕೆ ನಿಲ್ಲುತ್ತಿಲ್ಲವೇ?



"ಹೋದ ವರ್ಷ ಇದೇ ಎಣ್ಣೆ ಹೊಡೆದಾಗ ಚುಕ್ಕೆ ನಿಂತಿತ್ತು. ಈ ವರ್ಷ ಮೂರು ಸಲ ಹೊಡೆದರೂ ನಿಲ್ಲಲಿಲ್ಲ. ಕಂಪನಿಯವರು ಪವರ್ ಕಡಿಮೆ ಮಾಡಿದ್ದಾರೆ." ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ದಾಳಿಂಬೆ ತೋಟಗಳಲ್ಲಿ ಈ ಮಾತು ಪದೇ ಪದೇ ಕೇಳಿಬರುತ್ತದೆ. ಹೀಗೆ ಹೇಳಿದ ರೈತರು ಸಾಮಾನ್ಯವಾಗಿ ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಅದೇ ಔಷಧಿಯ ಪ್ರಮಾಣವನ್ನು ಹೆಚ್ಚಿಸುತ್ತಾರೆ, ಇಲ್ಲವೇ ಅಂಗಡಿಗೆ ಹೋಗಿ ಇನ್ನೂ ಬೆಲೆಬಾಳುವ ಬೇರೊಂದು ಡಬ್ಬಿ ತರುತ್ತಾರೆ. ಖರ್ಚು ಏರುತ್ತದೆ, ರೋಗ ಮಾತ್ರ ಹಾಗೇ ಉಳಿಯುತ್ತದೆ.

ಡಬ್ಬಿಯಲ್ಲಿನ ಔಷಧಿಯ ಶಕ್ತಿ ಅಷ್ಟೇ ಇದ್ದರೂ ಅದು ಸೋಲಲು ಸಾಧ್ಯವಿದೆ. ರೋಗ ತರುವ ಶಿಲೀಂಧ್ರವೇ ಆ ಔಷಧಿಯನ್ನು ತಡೆದುಕೊಳ್ಳುವಂತಾದರೆ ಹೀಗಾಗುತ್ತದೆ. ಇದನ್ನು ನಿರೋಧಕತೆ ಎನ್ನುತ್ತಾರೆ. ಅದು ಹೇಗೆ ಹುಟ್ಟುತ್ತದೆ, ಹುಟ್ಟದಂತೆ ತೋಟವನ್ನು ಹೇಗೆ ನಡೆಸಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲು ರೋಗ ಯಾವುದೆಂದು ತಿಳಿಯಿರಿ

ದಾಳಿಂಬೆಯ ಮೇಲೆ ಕಾಣುವ ಚುಕ್ಕೆಗಳೆಲ್ಲ ಒಂದೇ ಅಲ್ಲ. ಮುಖ್ಯವಾಗಿ ಮೂರು ಬಗೆಯ ಚುಕ್ಕೆಗಳನ್ನು ಗುರುತಿಸಲು ನೀವು ಕಲಿಯಬೇಕು.

ಮೊದಲನೆಯದು ದುಂಡಾಣು ಅಂಗಮಾರಿ. ನಮ್ಮ ರೈತರು ಇದನ್ನು 'ಬ್ಲೈಟು' ಎನ್ನುತ್ತಾರೆ. ಎಲೆಯ ಮೇಲೆ ಮೊದಲು ನೀರಿನಲ್ಲಿ ನೆನೆದಂತಹ ಸಣ್ಣ ಚುಕ್ಕೆ ಮೂಡಿ, ನಂತರ ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಕೊಂಬೆಯ ಗೆಣ್ಣು ಕಪ್ಪಾಗಿ ಸೀಳುತ್ತದೆ, ಗಾಳಿಗೆ ಅಲ್ಲಿಯೇ ಮುರಿಯುತ್ತದೆ. ಕಾಯಿಯ ಮೇಲಿನ ಚುಕ್ಕೆಯಲ್ಲಿ ಅಡ್ಡಾದಿಡ್ಡಿ ಸೀಳು ಕಾಣುತ್ತದೆ. ಈ ಸೀಳೇ ಅದರ ಗುರುತು.

ಎರಡನೆಯದು ಸರ್ಕೋಸ್ಪೊರಾ ಚುಕ್ಕೆ ರೋಗ. ಕಾಯಿಯ ಸಿಪ್ಪೆಯ ಮೇಲೆ ಸಣ್ಣ ಕಪ್ಪು ಚುಕ್ಕೆಗಳಾಗಿ, ಅವು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆದರೆ ಚುಕ್ಕೆಯಲ್ಲಿ ಸೀಳು ಇರುವುದಿಲ್ಲ.

ಮೂರನೆಯದು ಚಿಬ್ಬು ರೋಗ. ಚುಕ್ಕೆ ಕಂದು ಬಣ್ಣದ್ದಾಗಿದ್ದು ನಡುವೆ ತಗ್ಗಾಗಿರುತ್ತದೆ. ಮಳೆ ಹಿಡಿದುಕೊಂಡರೆ ಕಾಯಿ ಕೊಳೆಯಲು ಆರಂಭಿಸುತ್ತದೆ.

ಕೊನೆಯ ಎರಡೂ ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯ ಜೀವಿಯಿಂದ ಬರುತ್ತವೆ. ಮೊದಲನೆಯದಾದ ಅಂಗಮಾರಿ ದುಂಡಾಣುವಿನಿಂದ, ಅಂದರೆ ಬ್ಯಾಕ್ಟೀರಿಯಾದಿಂದ ಬರುತ್ತದೆ. ಕಾರ್ಬೆಂಡಜಿಮ್, ಹೆಕ್ಸಾಕೊನಜೋಲ್ ಮುಂತಾದ ಶಿಲೀಂಧ್ರನಾಶಕಗಳು ದುಂಡಾಣುವನ್ನು ಕೊಲ್ಲುವುದಿಲ್ಲ. ಅಂಗಮಾರಿಗೆಂದು ಇವುಗಳನ್ನು ಹೊಡೆದರೆ ಎರಡು ನಷ್ಟ. ಅಂಗಮಾರಿ ನಿಲ್ಲುವುದಿಲ್ಲ ಎಂಬುದು ಮೊದಲ ನಷ್ಟ. ಅದೇ ಗಿಡದ ಮೇಲಿರುವ ಶಿಲೀಂಧ್ರಗಳಿಗೆ ಅನಗತ್ಯವಾಗಿ ಔಷಧಿ ತಾಗಿ, ಅದನ್ನು ತಡೆದುಕೊಳ್ಳುವ ತಳಿ ಹೆಚ್ಚುತ್ತದೆ ಎಂಬುದು ಎರಡನೆಯ ನಷ್ಟ. ಅಂಗಮಾರಿಯ ಭಯದಿಂದ ಕೈಗೆ ಸಿಕ್ಕಿದ್ದನ್ನು ಸಿಂಪಡಿಸುವುದೇ ನಮ್ಮ ಭಾಗದಲ್ಲಿ ನಿರೋಧಕತೆಗೆ ದೊಡ್ಡ ದಾರಿ ಎಂಬುದನ್ನು ಮರೆಯಬಾರದು.

ನಿರೋಧಕತೆ ಹುಟ್ಟುವ ಲೆಕ್ಕ

ಒಂದು ಉದಾಹರಣೆಯ ಲೆಕ್ಕದಿಂದ ಇದನ್ನು ತಿಳಿಯೋಣ. ನಿಮ್ಮ ತೋಟದಲ್ಲಿ ಶಿಲೀಂಧ್ರದ 10 ಲಕ್ಷ ಬೀಜಕಣಗಳಿವೆ ಎಂದುಕೊಳ್ಳಿ. ಅವುಗಳಲ್ಲಿ ಒಂದೇ ಒಂದಕ್ಕೆ ಹುಟ್ಟಿನಿಂದಲೇ ಆ ಔಷಧಿಯನ್ನು ತಡೆಯುವ ಗುಣವಿದೆ. ಅದನ್ನು 'ಗಟ್ಟಿ' ಎನ್ನೋಣ. ಔಷಧಿಯು ಉಳಿದ ಸಾಧಾರಣ ಬೀಜಕಣಗಳಲ್ಲಿ ನೂರಕ್ಕೆ 99ನ್ನು ಕೊಲ್ಲುತ್ತದೆ. ಮುಂದಿನ ಸಿಂಪರಣೆಯ ಹೊತ್ತಿಗೆ ಉಳಿದ ಪ್ರತಿಯೊಂದೂ ನೂರಾಗಿ ಹೆಚ್ಚುತ್ತದೆ.

ಮೊದಲ ಸಿಂಪರಣೆಯ ನಂತರ 10 ಸಾವಿರ ಸಾಧಾರಣ, 1 ಗಟ್ಟಿ ಉಳಿಯುತ್ತವೆ. ಅವು ಹೆಚ್ಚಿ 10 ಲಕ್ಷ ಸಾಧಾರಣ, 100 ಗಟ್ಟಿ ಆಗುತ್ತವೆ. ಎರಡನೆಯ ಸಲ ಅದೇ ಔಷಧಿ ಹೊಡೆದರೆ 10 ಸಾವಿರ ಸಾಧಾರಣ, 100 ಗಟ್ಟಿ ಉಳಿದು, ಹೆಚ್ಚಿದ ಮೇಲೆ 10 ಲಕ್ಷ ಸಾಧಾರಣ, 10 ಸಾವಿರ ಗಟ್ಟಿ ಆಗುತ್ತವೆ. ಮೂರನೆಯ ಸಲ ಹೊಡೆದಾಗ 10 ಸಾವಿರ ಸಾಧಾರಣ, 10 ಸಾವಿರ ಗಟ್ಟಿ ಉಳಿಯುತ್ತವೆ. ಈಗ ಎರಡೂ ಸಮಸಮ. ಆದರೂ ಹತ್ತು ಲಕ್ಷದಲ್ಲಿ ಇಪ್ಪತ್ತು ಸಾವಿರ ಮಾತ್ರ ಉಳಿದಿರುವುದರಿಂದ ನಿಮ್ಮ ಕಣ್ಣಿಗೆ ಔಷಧಿ ಚೆನ್ನಾಗಿಯೇ ಕೆಲಸ ಮಾಡಿದೆ. ಅವು ಮತ್ತೆ ಹೆಚ್ಚಿ ಒಂದೊಂದೂ 10 ಲಕ್ಷವಾದಾಗ ನಾಲ್ಕನೆಯ ಸಲ ಹೊಡೆಯುತ್ತೀರಿ. ಸಾಧಾರಣ ಬೀಜಕಣಗಳು 10 ಸಾವಿರಕ್ಕೆ ಇಳಿಯುತ್ತವೆ, ಗಟ್ಟಿ 10 ಲಕ್ಷವೂ ಹಾಗೇ ನಿಲ್ಲುತ್ತವೆ. ತೋಟದಲ್ಲಿ ಉಳಿದವುಗಳಲ್ಲಿ ನೂರಕ್ಕೆ 99 ಗಟ್ಟಿಯವೇ!

ಮೂರು ಸಲ ಗೆದ್ದ ಔಷಧಿ ನಾಲ್ಕನೆಯ ಸಲ ಇದ್ದಕ್ಕಿದ್ದಂತೆ ಸೋತಂತೆ ಕಾಣುವುದು ಇದರಿಂದಲೇ. ಕಾಳು ಜರಡಿ ಹಿಡಿದ ಹಾಗೆ, ನಾವೇ ಪ್ರತಿ ಸಲ ಸಾಧಾರಣವಾದದ್ದನ್ನು ಕೆಳಗೆ ಬೀಳಿಸಿ, ಗಟ್ಟಿಯಾದದ್ದನ್ನು ಮೇಲೆ ಉಳಿಸಿಕೊಂಡೆವು. ಈ ಸ್ಥಿತಿಯಲ್ಲಿ ಪ್ರಮಾಣ ಹೆಚ್ಚಿಸಿದರೂ ಫಲವಿಲ್ಲ.

ಎರಡನೆಯ ಸಲಕ್ಕೆ ಬೇರೆ ರೀತಿಯಲ್ಲಿ ಕೊಲ್ಲುವ ಔಷಧಿಯನ್ನು ಬಳಸಿದ್ದರೆ? ಅದಕ್ಕೆ ಗಟ್ಟಿ, ಸಾಧಾರಣ ಎಂಬ ಭೇದವಿಲ್ಲ. 10 ಲಕ್ಷದಲ್ಲಿ 10 ಸಾವಿರ ಉಳಿದರೆ, 100 ಗಟ್ಟಿಯಲ್ಲಿ 1 ಉಳಿಯುತ್ತದೆ. ಗಟ್ಟಿಯ ಪಾಲು ಏರುವುದಿಲ್ಲ. ಔಷಧಿಯನ್ನು ಸರದಿಯ ಮೇಲೆ ಬದಲಿಸಬೇಕೆಂದು ಹೇಳುವುದರ ಹಿಂದಿನ ಗುಟ್ಟು ಇದೇ.

ಬೇರೆ ದೇಶಗಳ ಅನುಭವ

ಇದು ನಮ್ಮ ತೋಟಗಳಲ್ಲಿ ಮಾತ್ರ ಆಗುವ ಸಂಗತಿಯಲ್ಲ. ಕಾರ್ಬೆಂಡಜಿಮ್ ಕುಟುಂಬದ ಬೆನೊಮಿಲ್ ಎಂಬ ಔಷಧಿಗೆ ಅಮೆರಿಕದಲ್ಲಿ ಸೌತೆ ಜಾತಿಯ ಬೆಳೆಗಳ ಬೂದಿ ರೋಗ 1969ರಲ್ಲಿಯೇ ಜಗ್ಗದಂತಾಯಿತು. ಮೆಟಲಾಕ್ಸಿಲ್ 1977ರಲ್ಲಿ ಮಾರುಕಟ್ಟೆಗೆ ಬಂದಿತು. 1980ರ ವೇಳೆಗೆ ಇಸ್ರೇಲಿನ ಸೌತೆ ಹಾಗೂ ಐರ್ಲೆಂಡಿನ ಆಲೂಗೆಡ್ಡೆ ಬೆಳೆಗಳಲ್ಲಿ ಅದು ಸೋತಿತ್ತು. ಸ್ಟ್ರೋಬಿನ್ ಕುಟುಂಬದ ಔಷಧಿಗಳು 1996ರಲ್ಲಿ ಬಂದವು. 1998ರಲ್ಲಿಯೇ ಜರ್ಮನಿಯ ಗೋಧಿಯ ಬೂದಿ ರೋಗ ಅವನ್ನು ತಡೆದುಕೊಂಡಿತು. ನಮ್ಮ ನೆರೆಯ ಮಹಾರಾಷ್ಟ್ರದ ದ್ರಾಕ್ಷಿ ತೋಟಗಳಲ್ಲಿ ಕೇದಿಗೆ ರೋಗದ ಶಿಲೀಂಧ್ರಕ್ಕೆ ಸ್ಟ್ರೋಬಿನ್ ನಾಟದಿರುವ ಬಗ್ಗೆ 2016ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಹೊಸ ಔಷಧಿ ಬಂದು ಎರಡು ಮೂರು ವರ್ಷಗಳಲ್ಲಿಯೇ ಹೀಗಾಗಬಹುದು ಎಂಬುದು ಇದರಿಂದ ತಿಳಿಯುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಬೋರ್ಡೊ ದ್ರಾವಣ. ಫ್ರಾನ್ಸ್ ದೇಶದ ಬೋರ್ಡೊ ಪ್ರಾಂತದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಇದನ್ನು ದ್ರಾಕ್ಷಿಯ ಕೇದಿಗೆ ರೋಗಕ್ಕೆ ಬಳಕೆಗೆ ತಂದರು. ನಮ್ಮ ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಇದನ್ನು ಸಿಂಪಡಿಸುವ ಕ್ರಮವನ್ನು ಬೆಳೆಗಾರರಿಗೆ ತೋರಿಸಿಕೊಟ್ಟರು. ನೂರು ವರ್ಷ ಕಳೆದರೂ ಮಲೆನಾಡಿನ ಬೆಳೆಗಾರರು ಇಂದಿಗೂ ಮಳೆಗಾಲದಲ್ಲಿ ಅದನ್ನೇ ಹೊಡೆಯುತ್ತಾರೆ, ಕೊಳೆರೋಗ ಅದಕ್ಕೆ ಒಗ್ಗಿಕೊಂಡಿಲ್ಲ.

ಏಕೆ ಈ ವ್ಯತ್ಯಾಸ? ಹೊಸ ಅಂತರ್ವ್ಯಾಪಿ ಔಷಧಿಗಳು ಗಿಡದೊಳಗೆ ಸೇರಿ, ಶಿಲೀಂಧ್ರದ ದೇಹದಲ್ಲಿ ಯಾವುದೋ ಒಂದು ನಿರ್ದಿಷ್ಟ ಜಾಗಕ್ಕೆ ಹೊಡೆಯುತ್ತವೆ. ಆ ಒಂದು ಜಾಗ ಸ್ವಲ್ಪ ಬದಲಾದರೆ ಸಾಕು, ಔಷಧಿ ವ್ಯರ್ಥ. ಬೀಗ ಬದಲಾದ ಮನೆಗೆ ಹಳೆಯ ಕೀಲಿ ಹಿಡಿದು ಹೋದಂತೆ. ತಾಮ್ರ, ಗಂಧಕ, ಮ್ಯಾಂಕೊಜೆಬ್ ಮುಂತಾದ ಸ್ಪರ್ಶ ಔಷಧಿಗಳು ಎಲೆಯ ಮೇಲೆಯೇ ನಿಂತು, ಶಿಲೀಂಧ್ರದ ಹಲವಾರು ಜಾಗಗಳಿಗೆ ಒಟ್ಟಿಗೆ ಹೊಡೆಯುತ್ತವೆ. ಎಲ್ಲ ಬೀಗಗಳನ್ನೂ ಒಮ್ಮೆಗೇ ಬದಲಿಸುವುದು ಶಿಲೀಂಧ್ರಕ್ಕೆ ಸುಲಭವಲ್ಲ. ಆದರೆ ಸ್ಪರ್ಶ ಔಷಧಿ ರೋಗ ಬರುವ ಮುಂಚೆ ಎಲೆಯ ಮೇಲಿರಬೇಕು. ಒಳಗೆ ಇಳಿದ ರೋಗವನ್ನು ಅದು ಗುಣಪಡಿಸುವುದಿಲ್ಲ.

ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ

ಅನೇಕ ರೈತರು 'ನಾನು ಔಷಧಿ ಬದಲಿಸುತ್ತಲೇ ಇದ್ದೇನೆ' ಎನ್ನುತ್ತಾರೆ. ವಿಚಾರಿಸಿದರೆ ಬದಲಾದದ್ದು ಡಬ್ಬಿಯ ಮೇಲಿನ ದೊಡ್ಡ ಹೆಸರು ಮಾತ್ರ. ಒಳಗಿನದು ಅದೇ, ಇಲ್ಲವೇ ಅದರ ಅಣ್ಣತಮ್ಮ. ಒಂದು ಔಷಧಿಗೆ ಜಗ್ಗದ ಶಿಲೀಂಧ್ರ ಅದೇ ಕುಟುಂಬದ ಉಳಿದವುಗಳಿಗೂ ಸಾಮಾನ್ಯವಾಗಿ ಜಗ್ಗುವುದಿಲ್ಲ. ಆದುದರಿಂದ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ತಾಂತ್ರಿಕ ಹೆಸರನ್ನು ಓದಬೇಕು. ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಬೇಕು.

ನಿರೋಧಕತೆಯನ್ನು ತಡೆಯಲೆಂದು 1981ರಲ್ಲಿ ರಚನೆಯಾದ ಅಂತರರಾಷ್ಟ್ರೀಯ ಸಮಿತಿಯೊಂದು ಶಿಲೀಂಧ್ರನಾಶಕಗಳನ್ನು ಕೊಲ್ಲುವ ರೀತಿಗೆ ಅನುಗುಣವಾಗಿ ಗುಂಪು ಮಾಡಿ ಸಂಖ್ಯೆ ನೀಡಿದೆ. ನಮ್ಮ ಹಣ್ಣಿನ ತೋಟಗಳಿಗೆ ಸಂಬಂಧಿಸಿದವು ಇವು:

ಗುಂಪು 1: ಕಾರ್ಬೆಂಡಜಿಮ್, ಥಯೊಫನೇಟ್ ಮಿಥೈಲ್. ನಿರೋಧಕತೆಯ ಅಪಾಯ ಬಹಳ ಹೆಚ್ಚು.

ಗುಂಪು 3: ಹೆಸರಿನ ಕೊನೆಯಲ್ಲಿ 'ಕೊನಜೋಲ್' ಎಂದಿರುವವು. ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್, ಡೈಫೆನ್‌ಕೊನಜೋಲ್ ಎಲ್ಲವೂ ಒಂದೇ ಮನೆಯವು. ಇಲ್ಲಿ ಔಷಧಿಯ ಶಕ್ತಿ ಒಮ್ಮೆಗೇ ಹೋಗದೆ ಮೆಲ್ಲಮೆಲ್ಲನೆ ಕುಗ್ಗುತ್ತದೆ.

ಗುಂಪು 11: ಕೊನೆಯಲ್ಲಿ 'ಸ್ಟ್ರೋಬಿನ್' ಎಂದಿರುವವು. ಅಜಾಕ್ಸಿಸ್ಟ್ರೋಬಿನ್, ಟ್ರೈಫ್ಲಾಕ್ಸಿಸ್ಟ್ರೋಬಿನ್, ಪೈರಾಕ್ಲೊಸ್ಟ್ರೋಬಿನ್. ಅಪಾಯ ಬಹಳ ಹೆಚ್ಚು.

'ಎಂ' ಗುಂಪು: ತಾಮ್ರದ ಔಷಧಿಗಳು, ಗಂಧಕ, ಮ್ಯಾಂಕೊಜೆಬ್, ಕ್ಯಾಪ್ಟಾನ್, ಕ್ಲೋರೋಥಲೋನಿಲ್. ಅಪಾಯ ಕಡಿಮೆ.

ಎರಡು ಔಷಧಿ ಸೇರಿಸಿದ ಡಬ್ಬಿಗಳೂ ಈಗ ಬಹಳ ಬಂದಿವೆ. ಕೊನಜೋಲ್ ಮತ್ತು ಸ್ಟ್ರೋಬಿನ್ ಸೇರಿದ ಡಬ್ಬಿ ಹೊಡೆದರೆ ಗುಂಪು 3 ಮತ್ತು 11 ಎರಡನ್ನೂ ಒಂದೊಂದು ಸಲ ಬಳಸಿದಂತೆ ಲೆಕ್ಕ ಹಾಕಬೇಕು.

ಸರದಿಯ ನಿಯಮಗಳು

1. ಸಿಂಪರಣೆಗೆ ಎಂ ಗುಂಪಿನ ಔಷಧಿಯೇ ಬೆನ್ನೆಲುಬಾಗಿರಲಿ. ರೋಗಕ್ಕೆ ಅನುಕೂಲವಾದ ಹವೆ ಬರುವ ಮುಂಚೆಯೇ ಹೊಡೆಯಿರಿ.

2. ಗುಂಪು 1, 3, 11ರ ಯಾವುದನ್ನೂ ಒಂದರ ಹಿಂದೆ ಒಂದು ಎರಡು ಸಲ ಹೊಡೆಯಬೇಡಿ. ನಡುವೆ ಎಂ ಗುಂಪು ಬರಲಿ. ಒಂದು ಬಹಾರಿನಲ್ಲಿ ಒಂದು ಗುಂಪು ಎರಡು ಸಲವನ್ನು ಮೀರದಿರಲಿ.

3. ಅಂತರ್ವ್ಯಾಪಿ ಔಷಧಿಯನ್ನು ರೋಗ ಆರಂಭವಾಗುವಾಗ ಬಳಸಬೇಕು. ತೋಟವೆಲ್ಲ ಚುಕ್ಕೆಯಾದ ಮೇಲೆ ಹೊಡೆದರೆ, ಮೇಲಿನ ಲೆಕ್ಕದ ಪ್ರಕಾರ ಜರಡಿಗೆ ಹೆಚ್ಚು ಕಾಳು ಸುರಿದಂತಾಗುತ್ತದೆ.

4. ಲೇಬಲ್ಲಿನಲ್ಲಿ ಹೇಳಿದ ಪ್ರಮಾಣಕ್ಕಿಂತ ಕಡಿಮೆಯೂ ಬೇಡ, ಹೆಚ್ಚೂ ಬೇಡ. ಹಣ ಉಳಿಸಲು ಅರ್ಧ ಪ್ರಮಾಣ ಹೊಡೆದರೆ ಅರೆಗಟ್ಟಿ ಶಿಲೀಂಧ್ರಗಳು ಬದುಕಿಕೊಳ್ಳುತ್ತವೆ.

5. ದಾಳಿಂಬೆಗೆಂದು ಲೇಬಲ್ಲಿನಲ್ಲಿ ಅನುಮತಿ ಇರುವ ಔಷಧಿಯನ್ನೇ ಕೊಳ್ಳಿ. ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂಬುದನ್ನೂ ನೋಡಿ. ರಸೀದಿ ಪಡೆಯಿರಿ.

6. ನಾಲ್ಕೈದು ಬಗೆಯ ಔಷಧಿಗಳನ್ನು ಒಂದೇ ಡ್ರಮ್ಮಿನಲ್ಲಿ ಕಲಸುವ ರೂಢಿಯನ್ನು ಬಿಡಿ.

ರೋಗನಿರೋಧಕ ಇಂಜೆಕ್ಷನ್ ಪುಡಿಯ ವಿಷಯ

ಅಂಗಮಾರಿಗೆ ಸ್ಟ್ರೆಪ್ಟೊಮೈಸಿನ್ ಇರುವ ಪುಡಿಯನ್ನು ಬಳಸುವ ರೂಢಿ ನಮ್ಮಲ್ಲಿ ಬಹಳ ಕಾಲದಿಂದ ಇದೆ. ಇದು ಮನುಷ್ಯರ ಕ್ಷಯರೋಗಕ್ಕೆ ಚಿಕಿತ್ಸೆಯಾಗಿ ಬಂದ ಔಷಧಿ. ದುಂಡಾಣುಗಳೂ ಇದಕ್ಕೆ ಒಗ್ಗಿಕೊಳ್ಳುತ್ತವೆ. ಅಮೆರಿಕದ ಕ್ಯಾಲಿಫೋರ್ನಿಯಾದ ಪೇರ್ ಹಣ್ಣಿನ ತೋಟಗಳಲ್ಲಿ 1971ರಲ್ಲಿಯೇ ಇದು ಕಂಡುಬಂದಿತು. ತೋಟದಲ್ಲಿ ಹುಟ್ಟಿದ ನಿರೋಧಕ ಗುಣ ಮನುಷ್ಯರಿಗೆ ರೋಗ ತರುವ ದುಂಡಾಣುಗಳಿಗೂ ದಾಟಬಹುದೆಂಬುದು ತಜ್ಞರ ಆತಂಕ. 2024ರ ಜನವರಿ 1ರಿಂದ ಬೆಳೆಗಳ ಮೇಲೆ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬಳಕೆಯನ್ನು ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಹೊರಡಿಸಿತು. ಈ ಪುಡಿಯನ್ನು ನೆಚ್ಚಿಕೊಂಡು ಇನ್ನು ತೋಟ ಮಾಡುವಂತಿಲ್ಲ ಎಂಬುದನ್ನು ಅರಿಯಬೇಕು.

ತಾಮ್ರವನ್ನೂ ಅತಿಯಾಗಿ ನೆಚ್ಚುವಂತಿಲ್ಲ. ಶಿಲೀಂಧ್ರಗಳು ಅದಕ್ಕೆ ಒಗ್ಗಿಕೊಳ್ಳುವುದು ಕಷ್ಟವಾದರೂ, ಅಂಗಮಾರಿ ದುಂಡಾಣುವಿನ ಹತ್ತಿರದ ಸಂಬಂಧಿಗಳು ಕೆಲವು ದೇಶಗಳ ಟೊಮೆಟೊ ಮತ್ತು ನಿಂಬೆ ಜಾತಿಯ ಬೆಳೆಗಳಲ್ಲಿ ತಾಮ್ರಕ್ಕೂ ಜಗ್ಗದಂತಾಗಿವೆ. ಹಾಗಾದರೆ ಅಂಗಮಾರಿಗೆ ಮದ್ದೇನು? ಸಿಂಪರಣೆಗಿಂತ ಹೆಚ್ಚಾಗಿ, ಮುಂದೆ ಹೇಳುವ ತೋಟದ ಕೆಲಸಗಳೇ ಮದ್ದು.

ಬಹಾರಿನ ಆಯ್ಕೆ

2000ದ ದಶಕದಲ್ಲಿ ಅಂಗಮಾರಿ ಉತ್ತರ ಕರ್ನಾಟಕದ ಜಿಲ್ಲೆಗಳನ್ನು ಹೊಕ್ಕಾಗ ಅನೇಕರು ದಾಳಿಂಬೆ ಗಿಡಗಳನ್ನು ಬೇರುಸಹಿತ ಕಿತ್ತು ಹಾಕಿದರು. ತೋಟ ಉಳಿಸಿಕೊಳ್ಳಬೇಕೆಂದರೆ ಕಾಯಿ ಬೆಳೆಯುವ ಕಾಲ ಮತ್ತು ಮಳೆಯ ಕಾಲ ಒಂದಾಗದಂತೆ ನೋಡಿಕೊಳ್ಳುವುದು ಮೊದಲ ಹೆಜ್ಜೆ. ಅಂಗಮಾರಿಯಾಗಲಿ ಶಿಲೀಂಧ್ರಗಳಾಗಲಿ ಹರಡಲು ಹಸಿ ಬೇಕು. ಮಳೆಯ ಹನಿ ಸಿಡಿದು, ಗಾಳಿಯೊಡನೆ ಗಿಡದಿಂದ ಗಿಡಕ್ಕೆ ರೋಗ ಸಾಗುತ್ತದೆ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆಯಂತೆ, ಒತ್ತಾದ ಗಿಡದಲ್ಲಿ ಮಳೆ ಹೋದ ಮೇಲೂ ಎಲೆ ಆರುವುದಿಲ್ಲ.

ನಮ್ಮ ಭಾಗದಲ್ಲಿ ಮಳೆ ಕಡಿಮೆಯಾದರೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಜೋರು ಹೆಚ್ಚು. ಮೃಗಶಿರ ಮಳೆಗೆ ಹೂ ಬಿಡಿಸಿದರೆ, ಅಂದರೆ ಮೃಗ ಬಹಾರ್ ಹಿಡಿದರೆ, ಕಾಯಿ ಬೆಳೆಯುವ ಕಾಲವೆಲ್ಲ ಮಳೆಯಲ್ಲಿಯೇ ಕಳೆಯುತ್ತದೆ. ನೀರಿನ ಖರ್ಚು ಉಳಿಯಿತೆಂದು ಇದನ್ನು ಹಿಡಿದವರು ಅದರ ಹಲವು ಪಟ್ಟನ್ನು ಎಣ್ಣೆಗೆ ಸುರಿಯುತ್ತಾರೆ. ಹಸ್ತ ಬಹಾರ್ ಹಿಡಿದರೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹೂ ಬಿಡುತ್ತದೆ, ಒಣ ಹವೆಯಲ್ಲಿ ಕಾಯಿ ಬೆಳೆದು ಫೆಬ್ರವರಿಯಿಂದ ಕೊಯ್ಲಿಗೆ ಬರುತ್ತದೆ. ಅಂಗಮಾರಿ ಇರುವ ತೋಟಗಳಿಗೆ ಇದೇ ಉತ್ತಮ. ಹಿಂಗಾರು ಜೋರಾಗಿದ್ದರೆ ಗಿಡವನ್ನು ಬಾಡಿಸುವುದು ಕಷ್ಟ, ಆಗ ಹೂ ತುಸು ತಡವಾಗಿ ಬಿಡಿಸಬಹುದು. ಜನವರಿ-ಫೆಬ್ರವರಿಯ ಅಂಬೆ ಬಹಾರಿನಲ್ಲಿಯೂ ರೋಗ ಕಡಿಮೆ. ಆದರೆ ಬೇಸಿಗೆಯುದ್ದಕ್ಕೂ ಬೋರಿನಲ್ಲಿ ನೀರಿರಬೇಕು, ಕೊಯ್ಲಿನ ಹೊತ್ತಿಗೆ ಮುಂಗಾರು ಬಂದಿರುತ್ತದೆ. ನಿಮ್ಮ ಬೋರಿನ ನೀರನ್ನು ನೋಡಿಕೊಂಡು ನಿರ್ಧರಿಸಿ. ಯಾವುದಾದರೂ ಸರಿ, ವರ್ಷಕ್ಕೆ ಒಂದೇ ಬೆಳೆ. ಕೊಯ್ಲಿನ ನಂತರ ಗಿಡಕ್ಕೆ ಮೂರು ನಾಲ್ಕು ತಿಂಗಳ ವಿಶ್ರಾಂತಿ ಕೊಡಲೇಬೇಕು.

ತೋಟದ ಸ್ವಚ್ಛತೆ

ರೋಗದ ಬೀಜ ಬಿದ್ದ ಎಲೆಯಲ್ಲಿ, ಒಣಗಿದ ಕಾಯಿಯಲ್ಲಿ, ಸೀಳಿದ ಗೆಣ್ಣಿನಲ್ಲಿ ಮುಂದಿನ ಬೆಳೆಯವರೆಗೆ ಕಾದು ಕುಳಿತಿರುತ್ತದೆ. 10 ಲಕ್ಷ ಬೀಜಕಣಗಳನ್ನು ಔಷಧಿಯಿಂದ ಕೊಲ್ಲುವ ಬದಲು, 9 ಲಕ್ಷವನ್ನು ಕತ್ತರಿ, ಕಸಬರಿಗೆಗಳಿಂದಲೇ ತೆಗೆದುಹಾಕಬಹುದು. ಕತ್ತರಿಗೆ ಯಾವ ರೋಗವೂ ನಿರೋಧಕತೆ ಬೆಳೆಸಿಕೊಳ್ಳಲಾರದು.

ಕೊಯ್ಲಾದ ಕೂಡಲೇ ರೋಗದ ಕೊಂಬೆಗಳನ್ನು, ರೋಗವಿರುವ ಜಾಗದಿಂದ ಎರಡು ಅಂಗುಲ ಕೆಳಗೆ ಕತ್ತರಿಸಿ. ಒಂದು ಗಿಡ ಮುಗಿದು ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯನ್ನು ಶೇ 2.5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಕತ್ತರಿಸುವ ಕೂಲಿಯವರು ಬೇರೆ ತೋಟದಿಂದ ನೇರವಾಗಿ ಬಂದಿದ್ದರೆ ಇದು ಇನ್ನೂ ಮುಖ್ಯ. ಕತ್ತರಿಸಿದ ಬಾಯಿಗೆ ಬೋರ್ಡೊ ಮುಲಾಮು ಹಚ್ಚಿ. ಇದಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 10 ಲೀಟರ್ ನೀರು ಬೇಕು.

ಬಿದ್ದ ಎಲೆ, ಕಾಯಿ, ಕಡ್ಡಿಗಳನ್ನೆಲ್ಲ ಗುಡಿಸಿ ತೋಟದ ಹೊರಗೆ ಸುಟ್ಟುಬಿಡಿ. ಬದುವಿಗೆ ಎಸೆಯಬೇಡಿ, ಹಳ್ಳಕ್ಕೆ ತಳ್ಳಬೇಡಿ. ಆಮೇಲೆ ಗಿಡದ ಕೆಳಗಿನ ನೆಲಕ್ಕೆ ಎಕರೆಗೆ 10 ಕೆ.ಜಿ. ಬ್ಲೀಚಿಂಗ್ ಪೌಡರನ್ನು 400 ಲೀಟರ್ ನೀರಿನಲ್ಲಿ ಕಲಸಿ ಸುರಿಯಿರಿ.

ಹೊಸದಾಗಿ ನಾಟಿ ಮಾಡುವವರು ಸಾಲಿನಿಂದ ಸಾಲಿಗೆ 15 ಅಡಿ, ಗಿಡದಿಂದ ಗಿಡಕ್ಕೆ 10 ಅಡಿ ಅಂತರ ಕೊಡಬೇಕು. ಒಳಗೆ ಬಿಸಿಲು ಗಾಳಿ ಆಡುವಂತೆ ಒಳಮುಖದ ರೆಂಬೆಗಳನ್ನು ತೆಗೆಯಬೇಕು. ರೋಗದ ತೋಟದಿಂದ ಗೂಟಿ ಸಸಿ ತರಲೇಬಾರದು. ಅಗ್ಗದ ಸಸಿಯೊಡನೆ ಅಂಗಮಾರಿಯೂ ಪುಕ್ಕಟೆಯಾಗಿ ಬರುತ್ತದೆ.

ಬೋರ್ಡೊ ದ್ರಾವಣ ತಯಾರಿಸುವ ವಿಧಾನ

ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತವನ್ನು ಪುಡಿ ಮಾಡಿ 50 ಲೀಟರ್ ನೀರಿನಲ್ಲಿ ಕರಗಿಸಿ. ಬೇರೆ ಪಾತ್ರೆಯಲ್ಲಿ 1 ಕೆ.ಜಿ. ಒಳ್ಳೆಯ ಸುಟ್ಟ ಸುಣ್ಣವನ್ನು ಅರಳಿಸಿ, ಸೋಸಿ, 50 ಲೀಟರ್ ಮಾಡಿ. ಪಾತ್ರೆಗಳು ಪ್ಲಾಸ್ಟಿಕ್ ಅಥವಾ ಮಣ್ಣಿನವಾಗಿರಲಿ, ಕಬ್ಬಿಣದ್ದು ಬೇಡ. ನಂತರ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕೋಲಿನಿಂದ ತಿರುವಿ. ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು. ಹೊಳೆಯುವ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೆರೆಸಿ. ತಯಾರಿಸಿದ ದಿನವೇ ಮುಗಿಸಿ, ಬೇರೆ ಔಷಧಿಯನ್ನು ಇದರೊಂದಿಗೆ ಸೇರಿಸಬೇಡಿ.

ವಿಶ್ರಾಂತಿ ಕಾಲದಲ್ಲಿ, ಸವರಿದ ಮೇಲೆ ಶೇ 1ರ ದ್ರಾವಣ ಹೊಡೆಯಬಹುದು. ಎಲೆ, ಕಾಯಿ ಇರುವಾಗ ಶೇ 0.5 ಸಾಕು, ಅಂದರೆ 100 ಲೀಟರಿಗೆ ತುತ್ತ, ಸುಣ್ಣ ತಲಾ ಅರ್ಧ ಕೆ.ಜಿ. ಹೂವಿನ ಕಾಲದಲ್ಲಿ ಬೇಡ.

ಹುಳು, ಸೊರಗು ರೋಗದ ಬಗ್ಗೆಯೂ ಎಚ್ಚರ

ಸಮಗ್ರ ನಿರ್ವಹಣೆ ಎಂದರೆ ಚುಕ್ಕೆ ರೋಗಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಹಣ್ಣು ಕೊರೆಯುವ ಚಿಟ್ಟೆಯ ಮರಿ ಮಾಡಿದ ತೂತಿನಿಂದ ಕೊಳೆ ಒಳಗೆ ಇಳಿಯುತ್ತದೆ. ತೂತಾದ ಕಾಯಿಗಳನ್ನು ಆರಿಸಿ ಆಳವಾಗಿ ಹೂಳಿ. ಚಿಕ್ಕ ತೋಟದವರು ಕಾಯಿಗೆ ಚೀಲ ಕಟ್ಟಬಹುದು. ಥ್ರಿಪ್ಸ್ ನುಸಿಗೆ ಶೇ 5ರ ಬೇವಿನ ಬೀಜದ ಕಷಾಯ ಒಳ್ಳೆಯದು. 5 ಕೆ.ಜಿ. ಬೇವಿನ ತಿರುಳನ್ನು ಕುಟ್ಟಿ, ರಾತ್ರಿಯಿಡೀ ನೆನೆಸಿ, ಸೋಸಿ, 100 ಲೀಟರ್ ಮಾಡಿಕೊಳ್ಳಬೇಕು. ಕೀಟನಾಶಕಗಳಿಗೂ ಇದೇ ಜರಡಿಯ ಲೆಕ್ಕ ಅನ್ವಯಿಸುತ್ತದೆ, ಅವುಗಳಲ್ಲಿಯೂ ಗುಂಪು ಬದಲಿಸಬೇಕು.

ಗಿಡದ ಒಂದು ಕೊಂಬೆ ಹಳದಿಯಾಗಿ, ನಂತರ ಗಿಡವೇ ಒಣಗಿದರೆ ಅದು ಸೊರಗು ರೋಗವಿರಬಹುದು. ಬುಡವನ್ನು ಸೀಳಿದಾಗ ಕಟ್ಟಿಗೆಯ ಒಳಗೆ ಕಂದು-ಕಪ್ಪು ಗೆರೆ ಕಾಣುತ್ತದೆ. ಅಂಥ ಗಿಡವನ್ನು ಬೇರುಸಹಿತ ತೆಗೆದು ಸುಡಿ. ಅದರ ಬುಡದ ನೀರು, ಮಣ್ಣು ಪಕ್ಕದ ಗಿಡಕ್ಕೆ ಹೋಗಬಾರದು. ಉಳಿದ ಗಿಡಗಳಿಗೆ ಟ್ರೈಕೋಡರ್ಮ ಕೊಡಿ. 1 ಕೆ.ಜಿ. ಟ್ರೈಕೋಡರ್ಮವನ್ನು 100 ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ 15 ದಿನ ಇಟ್ಟು ಬುಡಕ್ಕೆ ಹಾಕಬೇಕು.

ಔಷಧಿ ಸೋತಾಗ ಪರೀಕ್ಷಿಸಬೇಕಾದದ್ದು

ಚುಕ್ಕೆ ನಿಲ್ಲದಿದ್ದರೆ ತಕ್ಷಣ ಹೊಸ ಡಬ್ಬಿಗೆ ಓಡಬೇಡಿ. ರೋಗ ಶಿಲೀಂಧ್ರದ್ದೇ ಅಥವಾ ಅಂಗಮಾರಿಯೇ? ಪ್ರಮಾಣ ಸರಿಯಾಗಿತ್ತೇ? ಹೊಡೆದ ಕೂಡಲೇ ಮಳೆ ಬಂದಿತ್ತೇ? ಎಲೆಯ ಕೆಳಭಾಗಕ್ಕೂ, ಗಿಡದ ಒಳಗೂ ಔಷಧಿ ತಲುಪಿತ್ತೇ? ಪಂಪಿನ ನಾಜಲ್ ಸವೆದಿದೆಯೇ? ಅವಧಿ ಮೀರಿದ ಅಥವಾ ನಕಲಿ ಔಷಧಿಯೇ? ಇವೆಲ್ಲ ಸರಿಯಿದ್ದೂ ಔಷಧಿ ಸೋತಿದ್ದರೆ ಮಾತ್ರ ನಿರೋಧಕತೆಯ ಸಂಶಯ ಪಡಬೇಕು. ಆಗ ಆ ಗುಂಪನ್ನೇ ಆ ವರ್ಷಕ್ಕೆ ಕೈಬಿಡಿ. ರೋಗದ ಎಲೆ, ಕಾಯಿಗಳನ್ನು ಕಾಗದದ ಚೀಲದಲ್ಲಿ ಹಾಕಿ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದು ತೋರಿಸಿ.

ಇದಕ್ಕೆಲ್ಲ ಲೆಕ್ಕ ಬೇಕು. ನಲವತ್ತು ಪುಟದ ಒಂದು ನೋಟುಬುಕ್ಕು ಸಾಕು. ಹೊಡೆದ ದಿನಾಂಕ, ಔಷಧಿಯ ತಾಂತ್ರಿಕ ಹೆಸರು, ಗುಂಪು, ಪ್ರಮಾಣ, ಮಳೆ, ಖರ್ಚು ಬರೆದಿಡಿ. ಸಿಂಪಡಿಸುವವರು ಮುಖಕ್ಕೆ ಬಟ್ಟೆ, ಕೈಗೆ ಗವಸು ಇಲ್ಲದೆ ಪಂಪು ಹಿಡಿಯಬಾರದು.

ಊರಿಗೆಲ್ಲ ಒಂದೇ ಕ್ರಮ

ಕೊನೆಯದಾಗಿ ಒಂದು ಮಾತು. ರೋಗದ ಬೀಜಕ್ಕೆ ಬದು, ಬೇಲಿ ತಿಳಿಯದು. ನೀವು ಎಷ್ಟೇ ಶ್ರದ್ಧೆಯಿಂದ ಸರದಿ ಪಾಲಿಸಿದರೂ, ಪಕ್ಕದ ತೋಟದಲ್ಲಿ ಒಂದೇ ಔಷಧಿಯನ್ನು ಹತ್ತು ಸಲ ಹೊಡೆದರೆ ಅಲ್ಲಿ ಹುಟ್ಟಿದ ಗಟ್ಟಿ ಬೀಜಕಣ ಗಾಳಿ ಮಳೆಯೊಡನೆ ನಿಮ್ಮಲ್ಲಿಗೂ ಬರುತ್ತದೆ. ಅಂಗಮಾರಿಗೆ ಬೇಸತ್ತು ಹಾಗೇ ಪಾಳು ಬಿಟ್ಟ ತೋಟ ಇನ್ನೂ ಅಪಾಯಕಾರಿ. ಅದು ಇಡೀ ಊರಿಗೆ ರೋಗದ ಕಣಜ. ಅಂಥ ತೋಟದ ಯಜಮಾನರ ಮನವೊಲಿಸಿ, ಗಿಡ ಕಿತ್ತು ಸುಡಲು ನಾಲ್ಕು ಜನ ಕೈಜೋಡಿಸಿ. ಒಂದು ಊರಿನ ದಾಳಿಂಬೆ ಬೆಳೆಗಾರರು ಬಹಾರ್ ಹಿಡಿಯುವ ಮುನ್ನ ಒಂದು ಸಂಜೆ ಕುಳಿತು, ಯಾವ ಬಹಾರ್, ಯಾವ ಗುಂಪಿನ ನಂತರ ಯಾವ ಗುಂಪು ಎಂದು ಒಟ್ಟಾಗಿ ತೀರ್ಮಾನಿಸುವುದು ಒಳ್ಳೆಯದು. ಆ ತೀರ್ಮಾನವನ್ನು ಗ್ರಂಥಾಲಯದ ಗೋಡೆಗೆ ಬರೆದು ಹಾಕಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಕೆಲಸ ಮಾಡುವ ಔಷಧಿಗಳ ಗುಂಪುಗಳು ಕೈಬೆರಳಲ್ಲಿ ಎಣಿಸುವಷ್ಟಿವೆ. ಒಂದನ್ನು ಕಳೆದುಕೊಂಡರೆ ಅದರ ಜಾಗಕ್ಕೆ ಬರುವುದು ಇನ್ನೂ ದುಬಾರಿಯದ್ದು. ಬರುವ ಬಹಾರಿಗೆ ಅಂಗಡಿಗೆ ಹೋಗುವ ಮುನ್ನ ಕತ್ತರಿ ಹಿಡಿದು ತೋಟಕ್ಕೆ ಹೋಗಿ. ಅಂಗಡಿಗೆ ಹೋದಾಗ ಹೋದ ಸಲದ ಡಬ್ಬಿಯ ತಾಂತ್ರಿಕ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅದೇ ಗುಂಪಿನದನ್ನು ಮತ್ತೆ ಕೊಟ್ಟರೆ ಬೇಡವೆನ್ನಿ.